ಎಂಟು ಗಂಟೆಯ ಆಟ, ಬೆರಳುಗುರಿನಷ್ಟು ಕಾರ್ಡು

ಯಕ್ಷಗಾನದ ವಿಡಿಯೊ ಮಾಡುವುದು ನನ್ನ ಕಸುಬು. ಇಡೀ ರಾತ್ರಿಯ ಆಟವಾದರೆ ಎಂಟು ಗಂಟೆ ಚಿತ್ರೀಕರಣ. ಫುಲ್ ಎಚ್‌ಡಿಯ ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಟ್ಟು 20 ಲಕ್ಷಕ್ಕೂ ಮಿಕ್ಕಿ. ಒಂದೊಂದು ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 25 ಫ್ರೇಮು. ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟರೆ ಸೆಕೆಂಡಿಗೆ 155 ಎಂಬಿ, ಬೆಳಗಾಗುವಷ್ಟರಲ್ಲಿ ಸುಮಾರು ನಾಲ್ಕೂವರೆ ಟಿಬಿ. ನಾನು ಮೇಳದವರ ಕೈಗೆ ಕಾರ್ಡಿನಲ್ಲಿ ಹಾಕಿ ಕೊಡುವ ಫೈಲು ಸೆಕೆಂಡಿಗೆ ಸರಾಸರಿ 1 ಎಂಬಿ ಮಾತ್ರ. ಆದರೂ ವೇಷ ಕಾಣುತ್ತದೆ, ಕಿರೀಟದ ಮಣಿಯೂ ಕಾಣುತ್ತದೆ.

ನಮ್ಮ ಕಣ್ಣಿಗೆ ಬೆಳಕಿನ ಹೆಚ್ಚುಕಮ್ಮಿ ಗೊತ್ತಾಗುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಬೆಳಕನ್ನು ಪ್ರತಿ ಚುಕ್ಕಿಗೂ ಇಟ್ಟುಕೊಂಡು, ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಬರೆಯುತ್ತಾರೆ. ಅಲ್ಲಿಗೇ ಅರ್ಧ ಭಾರ ಇಳಿಯಿತು. ಇನ್ನು ರಂಗಸ್ಥಳ ನೋಡಿ. ಭಾಗವತರು ಕೂತಲ್ಲೇ ಇದ್ದಾರೆ, ಹಿಂದಿನ ಪರದೆ ಅಲ್ಲಾಡಿಲ್ಲ. ಅದನ್ನು ಸೆಕೆಂಡಿಗೆ 25 ಸಲ ಬರೆಯುವುದೇಕೆ? ಆಗೊಮ್ಮೆ ಈಗೊಮ್ಮೆ ಒಂದು ಫ್ರೇಮನ್ನು ಪೂರ್ತಿ ಬರೆದು, ನಡುವಿನವುಗಳಲ್ಲಿ ಬದಲಾದದ್ದನ್ನಷ್ಟೇ ಬರೆದರೆ ಸಾಕು. ವೇಷಧಾರಿ ಸರಿದರೂ ಹೊಸದಾಗಿ ಚಿತ್ರಿಸಬೇಕಿಲ್ಲ. ಹಿಂದಿನ ಫ್ರೇಮಿನ ಈ ತುಂಡು ಇಷ್ಟು ಎಡಕ್ಕೆ ಬಂದಿದೆ ಎಂಬ ಸೂಚನೆ ಸಾಲುತ್ತದೆ.

ಇಷ್ಟಾದ ಮೇಲೂ ಉಳಿಯುವುದನ್ನು ಕುಗ್ಗಿಸುವ ಗಣಿತ ನನಗೆ ತೀರಾ ಹತ್ತಿರದ್ದು. ಅದನ್ನು ಕಂಡುಕೊಂಡವರು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್. ನಾವು ಇಂದು ಯುವಿಸಿಇ ಎನ್ನುವ ಕಾಲೇಜಿನಲ್ಲಿ 1961ರಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅನುದಾನ ಕೇಳಿದರೆ ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತೆಂದು ಪರಿಶೀಲಕರೊಬ್ಬರಿಗೆ ಅನಿಸಿತ್ತಂತೆ. ಅಹ್ಮದ್ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆಗೂಡಿ 1974ರ ಜನವರಿಯಲ್ಲಿ ನಾಲ್ಕು ಪುಟದ ಪ್ರಬಂಧ ಪ್ರಕಟಿಸಿದರು: ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಡಿಸಿಟಿ. ಎಂಟಕ್ಕೆ ಎಂಟು ಚುಕ್ಕಿಗಳ ಒಂದು ತುಂಡು ತೆಗೆದುಕೊಳ್ಳಿ. 64 ಚುಕ್ಕಿಗಳ ಬೆಳಕನ್ನು ಬಿಡಿಬಿಡಿಯಾಗಿ ಬರೆಯುವ ಬದಲು, ತುಂಡಿನ ಸರಾಸರಿ ಎಷ್ಟು, ನಿಧಾನವಾದ ಏರಿಳಿತ ಎಷ್ಟು, ಸೂಕ್ಷ್ಮ ಏರಿಳಿತ ಎಷ್ಟು ಎಂದು ಬರೆಯುವುದು. ಆಗಲೂ ಸಂಖ್ಯೆಗಳು ಅರವತ್ತನಾಲ್ಕೇ. ಆದರೆ ಸಾಮಾನ್ಯ ಚಿತ್ರಗಳಲ್ಲಿ ತೂಕವೆಲ್ಲ ಮೊದಲ ಕೆಲವಕ್ಕೇ ಬಂದು ಸೇರುತ್ತದೆ. ಉಳಿದವು ಸೊನ್ನೆಯ ಆಸುಪಾಸು. ಅವುಗಳನ್ನು ಸೊನ್ನೆಯೆಂದೇ ಮಾಡಿಬಿಟ್ಟರೆ ಕಣ್ಣಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಡಿವಿಡಿಯ ವಿಡಿಯೊ ಮಾನದಂಡ ಎಂಪೆಗ್-2 ನಿಂತಿದ್ದು ಇದರ ಮೇಲೆ. 2003ರ ಎಚ್.264, 2013ರ ಎಚ್.265 ಬಳಸುವುದೂ ಮುಖ್ಯವಾಗಿ ಇದೇ ಬಗೆಯ ಲೆಕ್ಕ.

ಈ ಮಾನದಂಡಗಳು ಕಟ್ಟುನಿಟ್ಟು ಮಾಡುವುದು ಫೈಲನ್ನು ಬಿಚ್ಚುವ ಕ್ರಮವನ್ನು ಮಾತ್ರ. ಕುಗ್ಗಿಸುವವರು ಹೇಗೆ ಕುಗ್ಗಿಸಿದರೂ ನಡೆಯುತ್ತದೆ, ಬಿಚ್ಚಲು ಬಂದರಾಯಿತು. ಒಂದೇ ಎಚ್.264ರಲ್ಲಿ ಒಬ್ಬರ ವಿಡಿಯೊ ಚೊಕ್ಕ, ಇನ್ನೊಬ್ಬರದ್ದು ಮಸುಕು ಆಗುವುದು ಇದರಿಂದಲೇ.

ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಪ್ರವೇಶದಲ್ಲಿ ಇದೆಲ್ಲ ಪರೀಕ್ಷೆಗೆ ಬೀಳುತ್ತದೆ. ದೊಂದಿಗೆ ರಾಳ ಎರಚಿದಾಗ ಏಳುವ ಬೆಂಕಿಗೆ ಹಿಂದಿನ ಫ್ರೇಮಿನಲ್ಲಿ ಹೋಲಿಕೆ ಸಿಗುವುದಿಲ್ಲ. ಕಿಡಿಗಳೆಂದರೆ ಪೂರ್ತಿ ಸೂಕ್ಷ್ಮ ಏರಿಳಿತ. ಸೊನ್ನೆ ಮಾಡಲು ಜಾಗವೇ ಇಲ್ಲ. ಬಿಟ್‌ರೇಟಿಗೆ, ಅಂದರೆ ಸೆಕೆಂಡಿಗೆ ಖರ್ಚಾಗುವ ಬಿಟ್ಟುಗಳಿಗೆ, ಬಿಗಿಯಾದ ಮಿತಿ ಹಾಕಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ವೇಷಧಾರಿ ಸುತ್ತುತ್ತ ದಿಗಿಣ ಹಾರುವಾಗಲೂ ಹಾಗೆಯೇ. ಕಲಾವಿದ ಜೀವ ತೇಯುವ ಗಳಿಗೆಯಲ್ಲೇ ಹೀಗಾಗುವುದನ್ನು ನನ್ನಿಂದ ನೋಡಲಾಗುವುದಿಲ್ಲ.

"ಇಷ್ಟು ಜಿಬಿ ಯಾಕೆ ಮಾರಾಯ್ರೆ, ವಾಟ್ಸಾಪಲ್ಲಿ ಕಳಿಸ್ಲಿಕ್ಕೆ ಆಗುದಿಲ್ವಾ?" ಎಂದು ಕೇಳುವವರಿದ್ದಾರೆ. ಮತ್ತಷ್ಟು ಕುಗ್ಗಿಸಿ ಕಳಿಸಬಹುದು, ಆದರೆ ಪ್ರತಿ ಸಲ ಮತ್ತೆ ಕುಗ್ಗಿಸಿದಾಗಲೂ ಇನ್ನಷ್ಟು ಹೋಗುತ್ತದೆ, ಹೋದದ್ದು ತಿರುಗಿ ಬಾರದು. ಅದಕ್ಕೇ ನಾನು ಬಿಟ್‌ರೇಟು ಗೊತ್ತುಮಾಡದೆ ಗುಣಮಟ್ಟವನ್ನು ಗೊತ್ತುಮಾಡುತ್ತೇನೆ. ಎಕ್ಸ್264 ಎನ್ನುವ ಉಚಿತ ತಂತ್ರಾಂಶದಲ್ಲಿ ಅದಕ್ಕೊಂದು ಅಂಕಿ ಇದೆ, ಕಡಿಮೆಯಾದಷ್ಟೂ ಚಿತ್ರ ಚೊಕ್ಕ. ತಾನಾಗಿ ಇರುವುದು 23, ನಾನು ಇಡುವುದು 18. ಭಾಗವತರ ಪದ್ಯ ನಡೆಯುವಾಗ ತಂತ್ರಾಂಶ ಕಡಿಮೆ ಬಿಟ್ಟಿನಲ್ಲಿ ಸುಧಾರಿಸಿಕೊಂಡು, ರಾಳ ಹಾರಿದಾಗ ಬೇಕಾದಷ್ಟು ಖರ್ಚು ಮಾಡುತ್ತದೆ.