ಬೀಗವನ್ನೂ ಪರೀಕ್ಷಿಸಬೇಕು: ಲಾಗಿನ್ ರಕ್ಷಣೆಯ ಪ್ಲಗಿನ್‌ಗಳ ಮೌಲ್ಯಮಾಪನ

ಇಂದು ಅನೇಕ ಶಾಲೆಗಳು ತಮ್ಮದೇ ಆದ ಜಾಲತಾಣವನ್ನು ಹೊಂದಿವೆ. ಪ್ರಕಟಣೆಗಳು, ಪಾಠಸಾಮಗ್ರಿಗಳು ಮಾತ್ರವಲ್ಲದೆ ಕೆಲವೆಡೆ ಮಕ್ಕಳ ಹೆಸರುಗಳೂ ರಕ್ಷಕರ ದೂರವಾಣಿ ಸಂಖ್ಯೆಗಳೂ ಅಲ್ಲಿರುತ್ತವೆ. ನಿರ್ವಾಹಕರ ಖಾತೆಯು ಪರರ ಕೈಸೇರಿದರೆ ಇವೆಲ್ಲವೂ ಅವರ ವಶವಾಗುತ್ತವೆ. ಶಾಲೆಯ ಹೆಸರಿನಲ್ಲಿ ಸುಳ್ಳು ಪ್ರಕಟಣೆಯನ್ನೂ ಹೊರಡಿಸಬಹುದು. ಆದುದರಿಂದಲೇ ಲಾಗಿನ್ ರಕ್ಷಣೆಯ ಪ್ಲಗಿನ್ ಒಂದನ್ನು ಅಳವಡಿಸಿ ನಾವು ನಿಶ್ಚಿಂತರಾಗುತ್ತೇವೆ. ಆದರೆ ಬಾಗಿಲಿಗೆ ಬೀಗವಿದೆ ಎಂಬುದು ಬೇರೆ, ಆ ಬೀಗ ಗಟ್ಟಿಯಾಗಿದೆ ಎಂಬುದು ಬೇರೆ.

ಪ್ಲಗಿನ್ ಮಾಡುವ ಕೆಲಸ

ಮೂಲ ತಂತ್ರಾಂಶಕ್ಕೆ ಹೊಸ ಸೌಲಭ್ಯವನ್ನು ಸೇರಿಸುವ ಪೂರಕ ತಂತ್ರಾಂಶವೇ ಪ್ಲಗಿನ್. ಜಾಲತಾಣಗಳ ರಚನೆಗೆ ವ್ಯಾಪಕವಾಗಿ ಬಳಕೆಯಲ್ಲಿರುವ ವರ್ಡ್‌ಪ್ರೆಸ್, ತಪ್ಪು ಗುಪ್ತಪದದ ಪ್ರಯತ್ನಗಳಿಗೆ ತಾನಾಗಿ ಮಿತಿಯನ್ನು ವಿಧಿಸುವುದಿಲ್ಲ. ಹೀಗಾಗಿ ಯಂತ್ರವೊಂದು ಸಾವಿರಾರು ಗುಪ್ತಪದಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಬಹುದು. ಇದನ್ನು ತಡೆಯುವ ಪ್ಲಗಿನ್‌ಗಳಲ್ಲಿ ಹಳೆಯದಾದ ‘ಲಿಮಿಟ್ ಲಾಗಿನ್ ಅಟೆಂಪ್ಟ್ಸ್’ ತನ್ನ ಮೂಲ ಹೊಂದಿಕೆಯಲ್ಲಿ 4 ಬಾರಿ ತಪ್ಪಿದ ಐಪಿ ವಿಳಾಸವನ್ನು 20 ನಿಮಿಷಗಳ ಕಾಲ ತಡೆಯುತ್ತದೆ. ತಡೆಯು 4 ಬಾರಿ ಮರುಕಳಿಸಿದರೆ ಅವಧಿಯು 24 ಗಂಟೆಗಳಿಗೆ ಏರುತ್ತದೆ. ಇಂತಹ ಪ್ಲಗಿನ್‌ಗಳ ಬಗ್ಗೆ ನಾವು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

1. ಅದು ಯಾರನ್ನು ಎಣಿಸುತ್ತದೆ?

ವಿಳಾಸವನ್ನು ಮಾತ್ರ ಎಣಿಸುವ ಪ್ಲಗಿನ್‌ಗೆ ಒಂದು ಮಿತಿಯಿದೆ. 1,000 ವಿಳಾಸಗಳಿಂದ ತಲಾ 3 ಪ್ರಯತ್ನಗಳು ನಡೆದರೆ ಒಟ್ಟು 3,000 ಪ್ರಯತ್ನಗಳಾಗುತ್ತವೆ. ಆದರೂ ಯಾವೊಂದು ವಿಳಾಸವೂ ಮಿತಿಯನ್ನು ಮುಟ್ಟುವುದಿಲ್ಲ. ಇನ್ನು ಕೋರಿಕೆಯೊಂದಿಗೆ ಬಂದ ವಿಳಾಸದ ಹೇಳಿಕೆಯನ್ನೇ ನಂಬುವಂತೆ ಹೊಂದಿಸಿದ್ದರೆ, ದಾಳಿಕೋರರು ಪ್ರತಿ ಬಾರಿಯೂ ಹೊಸ ವಿಳಾಸವನ್ನು ಹೇಳಿಕೊಳ್ಳಬಹುದು. ಇದು ಮುಖವನ್ನು ನೋಡದೆ ದನಿಯನ್ನು ಮಾತ್ರ ಕೇಳಿ ಹಾಜರಿ ಹಾಕಿದಂತೆ. ಮತ್ತೊಂದೆಡೆ, ಶಾಲೆಯ ಕಂಪ್ಯೂಟರ್‌ಗಳೆಲ್ಲ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ ಹೊರಹೋಗುತ್ತವೆ. ಒಬ್ಬರು ತಪ್ಪಿದರೆ ಎಲ್ಲ ಅಧ್ಯಾಪಕರಿಗೂ ಬಾಗಿಲು ಮುಚ್ಚಬಹುದು.

2. ಎಲ್ಲ ಬಾಗಿಲುಗಳನ್ನೂ ಕಾಯುತ್ತದೆಯೇ?

ಲಾಗಿನ್ ಪುಟವೊಂದೇ ಪ್ರವೇಶದ್ವಾರವಲ್ಲ. ಬೇರೆ ತಂತ್ರಾಂಶಗಳೊಂದಿಗೆ ಸಂಪರ್ಕಕ್ಕಾಗಿ ವರ್ಡ್‌ಪ್ರೆಸ್‌ನಲ್ಲಿರುವ ಎಕ್ಸ್‌ಎಂಎಲ್-ಆರ್‌ಪಿಸಿ ಎಂಬ ದ್ವಾರವೂ ಗುಪ್ತಪದವನ್ನು ಸ್ವೀಕರಿಸುತ್ತದೆ. ಅದರ ಮೂಲಕ ಒಂದೇ ಕೋರಿಕೆಯಲ್ಲಿ ನೂರಾರು ಗುಪ್ತಪದಗಳನ್ನು ಪ್ರಯೋಗಿಸುವ ದಾಳಿಗಳು 2015ರಲ್ಲಿ ಬೆಳಕಿಗೆ ಬಂದವು. ಮುಂಬಾಗಿಲನ್ನು ಮಾತ್ರ ಕಾಯುವ ಪ್ಲಗಿನ್ ಅಪೂರ್ಣ.

3. ಪರೀಕ್ಷೆ ವಿಫಲವಾದಾಗ ಏನಾಗುತ್ತದೆ?

ಇದು ಅತ್ಯಂತ ಮುಖ್ಯವಾದ ಪ್ರಶ್ನೆ. 40 ಲಕ್ಷಕ್ಕೂ ಹೆಚ್ಚು ಜಾಲತಾಣಗಳಲ್ಲಿದ್ದ ‘ರಿಯಲಿ ಸಿಂಪಲ್ ಸೆಕ್ಯುರಿಟಿ’ ಎಂಬ ಪ್ಲಗಿನ್‌ನಲ್ಲಿ 2024ರ ನವೆಂಬರ್‌ನಲ್ಲಿ ಗಂಭೀರ ದೋಷವೊಂದು ಕಂಡುಬಂದಿತು. ಅದರ ಎರಡು ಹಂತದ ದೃಢೀಕರಣದಲ್ಲಿ ಪರೀಕ್ಷೆಯು ವಿಫಲವಾದಾಗ ತಂತ್ರಾಂಶವು ದೋಷವನ್ನು ಗುರುತಿಸುತ್ತಿತ್ತು. ಆದರೆ ಅಲ್ಲಿಯೇ ನಿಲ್ಲದೆ ಮುಂದುವರಿದು, ಕೇಳಿದ ಖಾತೆಯನ್ನು ತೆರೆದುಕೊಡುತ್ತಿತ್ತು. ಗುಪ್ತಪದವೇ ಬೇಕಿರಲಿಲ್ಲ. ಅನುತ್ತೀರ್ಣನೆಂದು ಬರೆದು ಮುಂದಿನ ತರಗತಿಗೆ ಕಳುಹಿಸಿದಂತಾಯಿತು! ಈ ಸೌಲಭ್ಯವನ್ನು ಚಾಲೂ ಮಾಡಿದ್ದ, ಅಂದರೆ ಹೆಚ್ಚು ಎಚ್ಚರ ವಹಿಸಿದ್ದ ಜಾಲತಾಣಗಳೇ ಅಪಾಯಕ್ಕೆ ಒಳಗಾದವು. 9.1.2ನೆಯ ಆವೃತ್ತಿಯಲ್ಲಿ ದೋಷವನ್ನು ಸರಿಪಡಿಸಲಾಯಿತು. ಎರಡು ಹಂತದ ದೃಢೀಕರಣವು ಉತ್ತಮ ಕ್ರಮವೇ. ದೋಷವಿದ್ದುದು ಅದನ್ನು ರಚಿಸಿದ ರೀತಿಯಲ್ಲಿ.

4. ಅದರ ಪಾಲನೆ ಹೇಗಿದೆ?

ಬಳಕೆದಾರರ ಸಂಖ್ಯೆ ಸುರಕ್ಷತೆಯ ಪ್ರಮಾಣವಲ್ಲವೆಂಬುದನ್ನು ಮೇಲಿನ ಉದಾಹರಣೆಯೇ ತೋರಿಸುತ್ತದೆ. ಕೊನೆಯ ಪರಿಷ್ಕರಣೆ ಯಾವಾಗ ನಡೆಯಿತು, ಹಿಂದೆ ದೋಷ ಕಂಡಾಗ ಎಷ್ಟು ಬೇಗ ತಿದ್ದಲಾಯಿತು ಎಂಬುದನ್ನು ಗಮನಿಸಬೇಕು. ದೋಷಗಳನ್ನು ಮುಚ್ಚಿಡದೆ ಪ್ರಕಟಿಸುವ ತಯಾರಕರು ಹೆಚ್ಚು ವಿಶ್ವಾಸಾರ್ಹರು.

ಪ್ರಾಯೋಗಿಕ ಪರಿಶೀಲನೆ

ಮುಖ್ಯಾಧ್ಯಾಪಕರ ಅನುಮತಿ ಪಡೆದು, ಪರೀಕ್ಷೆಗೆಂದೇ ಒಂದು ಖಾತೆಯನ್ನು ರಚಿಸಿ, ನಮ್ಮ ಶಾಲೆಯ ಜಾಲತಾಣದಲ್ಲಿ ಮಾತ್ರ ಇದನ್ನು ಮಾಡಬೇಕು.

• ಮಿತಿ ಮುಟ್ಟುವವರೆಗೆ ತಪ್ಪು ಗುಪ್ತಪದವನ್ನು ನೀಡಿರಿ. ತಡೆ ಬಿದ್ದ ಮೇಲೆ ಸರಿಯಾದ ಗುಪ್ತಪದವನ್ನು ನೀಡಿರಿ. ಆಗಲೂ ಪ್ರವೇಶ ದೊರೆಯಬಾರದು.
• ಶಾಲೆಯ ಸಂಪರ್ಕವನ್ನು ಬಿಟ್ಟು ಮೊಬೈಲ್ ಸಂಪರ್ಕದಿಂದ ಅದೇ ಖಾತೆಗೆ ಪ್ರಯತ್ನಿಸಿರಿ. ಎಣಿಕೆ ವಿಳಾಸದ್ದೋ ಖಾತೆಯದೋ ಎಂಬುದು ತಿಳಿಯುತ್ತದೆ.
• ಇಲ್ಲದ ಬಳಕೆದಾರರ ಹೆಸರನ್ನೂ ಇರುವ ಹೆಸರನ್ನೂ ನೀಡಿ ದೋಷಸಂದೇಶಗಳನ್ನು ಹೋಲಿಸಿರಿ. ಅವು ಭಿನ್ನವಾಗಿದ್ದರೆ ಯಾವ ಹೆಸರು ನಿಜವೆಂಬುದು ಹೊರಗಿನವರಿಗೂ ತಿಳಿದಂತೆಯೇ.
• ಈ ಪ್ರಯತ್ನಗಳು ಪ್ಲಗಿನ್‌ನ ದಾಖಲೆಯಲ್ಲಿ ಮೂಡಿವೆಯೇ ಎಂದು ನೋಡಿರಿ.

ಇಷ್ಟರಿಂದ ಎಲ್ಲ ದೋಷಗಳೂ ಹೊರಬೀಳುವುದಿಲ್ಲ; 2024ರ ದೋಷವನ್ನು ಕಂಡುಹಿಡಿದವರು ತಂತ್ರಾಂಶದ ಒಳರಚನೆಯನ್ನು ಓದಬಲ್ಲ ಪರಿಣತರು. ಆದುದರಿಂದ ಪರಿಷ್ಕರಣೆಗಳನ್ನು ತಡಮಾಡದೆ ಅಳವಡಿಸುವುದು, ದೀರ್ಘವಾದ ಗುಪ್ತಪದವನ್ನು ಬಳಸುವುದು, ವರ್ಗವಾಗಿ ಹೋದ ಅಧ್ಯಾಪಕರ ಖಾತೆಯನ್ನು ಮುಚ್ಚುವುದು ಇವೆಲ್ಲ ಪ್ಲಗಿನ್ ಇದ್ದರೂ ನಮ್ಮ ಕರ್ತವ್ಯಗಳಾಗಿಯೇ ಉಳಿಯುತ್ತವೆ. ಪರಿಶೀಲನೆಯ ದಿನಾಂಕವನ್ನೂ ಫಲಿತಾಂಶವನ್ನೂ ಶಾಲೆಯ ದಾಖಲೆಯಲ್ಲಿ ಬರೆದಿಡಿರಿ. ಪ್ರತಿ ದೊಡ್ಡ ಪರಿಷ್ಕರಣೆಯ ಬಳಿಕ ಮತ್ತೊಮ್ಮೆ ಪರೀಕ್ಷಿಸಿರಿ. ಮಕ್ಕಳ ಮಾಹಿತಿಯನ್ನು ರಕ್ಷಕರು ಒಪ್ಪಿಸಿರುವುದು ನಮಗೆ, ಪ್ಲಗಿನ್‌ಗಲ್ಲ.