ಗೂಢಲೇಖವೂ ಎರಡನೆಯ ಕೀಲಿಕೈಯೂ

ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕಶಾಸನಗಳು 1931ರಲ್ಲಿ ಬೆಳಕಿಗೆ ಬಂದಾಗ ವಿದ್ವಾಂಸರು ಅವನ್ನು ಓದಬಲ್ಲವರಾಗಿದ್ದುದು, ಪ್ರಿನ್ಸೆಪ್ಪನು 1837ರಲ್ಲಿ ಬ್ರಾಹ್ಮೀಲಿಪಿಯನ್ನು ಬಿಡಿಸಿದ್ದರಿಂದ. ಲೋಕಕ್ಕೆ ಸಾರಲೆಂದು ಕೆತ್ತಿದ ಬರೆಹವೇ ಓದುವ ಬಗೆ ಮರೆತರೆ ಮೂಕವಾಗುವುದು. ಹೀಗಿರಲು, ಮರೆಮಾಡಲೆಂದೇ ಬರೆದ ಗೂಢಲೇಖದ ಕೀಲಿಕೈ ಕಳೆದರೆ ಗತಿಯೇನು?

ಮಿಂಚಂಚೆಯ ಓಲೆಗಳನ್ನು ಗೂಢಗೊಳಿಸುವ ಪಿ.ಜಿ.ಪಿ. ಎಂಬ ತಂತ್ರಾಂಶವನ್ನು ಫಿಲಿಪ್ ಝಿಮ್ಮರ್‌ಮನ್ 1991ರಲ್ಲಿ ಹೊರತಂದರು. ಇದರಲ್ಲಿ ಪ್ರತಿಯೊಂದು ಓಲೆಗೂ ಹೊಸದೊಂದು ಕೀಲಿ. ಅದನ್ನು ಪಡೆಯುವವರ ಬಹಿರಂಗ ಕೀಲಿಯಿಂದ ಮುಚ್ಚಿ ಓಲೆಯೊಡನೆ ಕಳುಹುವುದುಂಟು. ಅವರ ರಹಸ್ಯ ಕೀಲಿಯೊಂದೇ ಅದನ್ನು ತೆರೆಯಬಲ್ಲುದು. 1997ರಲ್ಲಿ ಬಂದ 5.5ನೆಯ ಆವೃತ್ತಿಯು ಅದೇ ಓಲೆಯನ್ನು ಸಂಸ್ಥೆಯ ಕೀಲಿಯಿಂದಲೂ ತೆರೆಯಲು ಅವಕಾಶವಿತ್ತಿತು. ನೌಕರನು ಮಡಿದರೂ ಕಾಗದಪತ್ರ ಉಳಿಯುವುದೆಂದು ಸಮರ್ಥಕರು ವಾದಿಸಿದರು. ಸಂಸ್ಥೆಗೆ ತೆರೆದ ಬಾಗಿಲು ನಾಳೆ ಸರ್ಕಾರಕ್ಕೂ ತೆರೆಯುವುದೆಂದು ವಿರೋಧಿಗಳು ಆಕ್ಷೇಪಿಸಿದರು. 2000ದಲ್ಲಿ ದೋಷವೊಂದು ಹೊರಬಿದ್ದಿತು: ಒಡೆಯನ ಅರಿವಿಲ್ಲದೆ ಅನ್ಯರು ಅವನ ಬಹಿರಂಗ ಕೀಲಿಗೆ ತಮ್ಮದನ್ನು ಜೋಡಿಸಿದರೂ ತಂತ್ರಾಂಶವು ಮನ್ನಿಸುತ್ತಿದ್ದಿತು. ಅದನ್ನು ಬಳಿಕ ತಿದ್ದಿದರು.

ಇಲ್ಲಿ ಕಾಪಿಡುವ ಬರೆಹವನ್ನೂ ಕಳುಹುವ ಬರೆಹವನ್ನೂ ಬೇರ್ಪಡಿಸಿ ನೋಡುವುದು ಯುಕ್ತ. ತೆರೆಯಲಾಗದ ಓಲೆಯನ್ನು ಮತ್ತೊಮ್ಮೆ ಬರೆಯಿಸಿಕೊಳ್ಳಬಹುದು; ಭಂಡಾರದ ಕಡತಕ್ಕೆ ಆ ಅನುಕೂಲವಿಲ್ಲ. ಆದುದರಿಂದ ಎರಡನೆಯ ಕೀಲಿಕೈ ಕಡತಕ್ಕೆ ಸಲ್ಲುವುದು, ಓಲೆಗೆ ಸಲ್ಲದು.