ಲ್ಯಾಪ್‌ಟಾಪ್ ಖರೀದಿ: ರಿಯಾಯಿತಿ ಕೊಡುಗೆಯನ್ನು ಪರಿಶೀಲಿಸುವ ಬಗೆ

ಮಗನೋ ಮಗಳೋ ಪದವಿ ಕಾಲೇಜಿಗೆ ಸೇರಿದ ವರ್ಷ ಅನೇಕ ಕುಟುಂಬಗಳು ಮೊದಲ ಬಾರಿಗೆ ಲ್ಯಾಪ್‌ಟಾಪ್ ಖರೀದಿಸುತ್ತವೆ. ಮನೆಯ ಉಳಿತಾಯದ ದೊಡ್ಡ ಪಾಲು ಒಂದೇ ದಿನದಲ್ಲಿ ವ್ಯಯವಾಗುವ ಖರೀದಿ ಇದಾಗಿರುತ್ತದೆ. ಕಾಲೇಜು ಪ್ರಾರಂಭವಾಗುವ ತಿಂಗಳು, ಸ್ವಾತಂತ್ರ್ಯ ದಿನ, ದಸರಾ ಹಾಗೂ ದೀಪಾವಳಿಯ ಸಂದರ್ಭಗಳಲ್ಲಿ ಮಳಿಗೆಗಳು ಮತ್ತು ಅಂತರ್ಜಾಲ ಮಾರಾಟ ತಾಣಗಳು ಭಾರಿ ರಿಯಾಯಿತಿಗಳನ್ನು ಪ್ರಕಟಿಸುತ್ತವೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಲಾಭದಾಯಕವಾಗಿರುತ್ತವೆ; ಹಲವು ಹಾಗಿರುವುದಿಲ್ಲ. ಕೊಡುಗೆಯೊಂದನ್ನು ಒಪ್ಪುವ ಮೊದಲು ಗ್ರಾಹಕರು ಪರಿಶೀಲಿಸಬೇಕಾದ ಅಂಶಗಳನ್ನು ಮತ್ತು ಕಾನೂನು ಒದಗಿಸಿರುವ ರಕ್ಷಣೆಯನ್ನು ಇಲ್ಲಿ ವಿವರಿಸಲಾಗಿದೆ.

ಶೇಕಡಾವಾರು ರಿಯಾಯಿತಿಯ ನಿಜವಾದ ಅರ್ಥ

ಜಾಹೀರಾತಿನಲ್ಲಿ ತೋರಿಸುವ ಶೇಕಡಾವಾರು ರಿಯಾಯಿತಿಯನ್ನು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಯಿಂದ ಲೆಕ್ಕ ಹಾಕಲಾಗುತ್ತದೆ. ಗರಿಷ್ಠ ಮಾರಾಟ ಬೆಲೆಯು, ಹೆಸರೇ ಸೂಚಿಸುವಂತೆ, ಒಂದು ಮೇಲ್ಮಿತಿ ಮಾತ್ರ. ಅದನ್ನು ತಯಾರಕರೇ ನಿಗದಿಪಡಿಸುತ್ತಾರೆ. ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಆ ಬೆಲೆಗೆ ಮಾರಾಟ ನಡೆಯುವುದು ಅಪರೂಪ.

ಉದಾಹರಣೆಗೆ, ಗರಿಷ್ಠ ಮಾರಾಟ ಬೆಲೆ 74,990 ರೂಪಾಯಿ ಎಂದು ಮುದ್ರಿತವಾದ ಲ್ಯಾಪ್‌ಟಾಪ್ ಒಂದನ್ನು ಹಬ್ಬದ ಮಾರಾಟದಲ್ಲಿ 41,990 ರೂಪಾಯಿಗೆ ನೀಡಲಾಗುತ್ತಿದೆ ಎಂದು ಭಾವಿಸೋಣ. ಜಾಹೀರಾತಿನ ಪ್ರಕಾರ ರಿಯಾಯಿತಿ ಶೇ. 44. ಅದೇ ಲ್ಯಾಪ್‌ಟಾಪ್ ಹಿಂದಿನ ತಿಂಗಳು ಊರಿನ ಅಂಗಡಿಯಲ್ಲಿ 43,500 ರೂಪಾಯಿಗೆ ಮಾರಾಟವಾಗುತ್ತಿದ್ದಲ್ಲಿ ಗ್ರಾಹಕರಿಗೆ ದೊರೆತ ನಿಜವಾದ ಉಳಿತಾಯ 1,510 ರೂಪಾಯಿ, ಅಂದರೆ ಶೇ. 3.5ಕ್ಕೂ ಕಡಿಮೆ. ಆದುದರಿಂದ ಮುದ್ರಿತ ಬೆಲೆಯನ್ನು ಬದಿಗಿಟ್ಟು, ಅದೇ ಮಾದರಿಯ ಇಂದಿನ ಬೆಲೆಯನ್ನು ಕನಿಷ್ಠ ಮೂರು ಕಡೆ ವಿಚಾರಿಸುವುದು ಮತ್ತು ಸಾಧ್ಯವಾದಲ್ಲಿ ಖರೀದಿಗೆ ಮೂರು-ನಾಲ್ಕು ವಾರ ಮುಂಚಿತವಾಗಿಯೇ ಬೆಲೆಗಳನ್ನು ಬರೆದಿಟ್ಟುಕೊಳ್ಳುವುದು ಸೂಕ್ತ.

ಇಲ್ಲಿ ಒಂದು ತೊಡಕಿದೆ. "ಅದೇ ಮಾದರಿ" ಎಂಬುದನ್ನು ಹೊರನೋಟದಿಂದಾಗಲಿ ಸರಣಿಯ ಹೆಸರಿನಿಂದಾಗಲಿ ತಿಳಿಯಲಾಗುವುದಿಲ್ಲ. ಒಂದೇ ಸರಣಿಯ ಹೆಸರಿನಡಿ ಹತ್ತಾರು ಮಾದರಿಗಳು ಇರುತ್ತವೆ. ಸಂಸ್ಕಾರಕ, ಮೆಮೊರಿ, ಪರದೆ ಎಲ್ಲವೂ ಬೇರೆಬೇರೆಯಾಗಿರಬಹುದು. ಪೆಟ್ಟಿಗೆಯ ಮೇಲೆ ಹಾಗೂ ಲ್ಯಾಪ್‌ಟಾಪಿನ ತಳಭಾಗದಲ್ಲಿ ನಮೂದಿಸಿರುವ ಪೂರ್ಣ ಮಾದರಿ ಸಂಖ್ಯೆಯನ್ನು, ಕೊನೆಯ ಅಕ್ಷರದವರೆಗೆ, ಹೋಲಿಸಿ ನೋಡತಕ್ಕದ್ದು.

ಯಾವ ಕೆಲಸಕ್ಕೆ, ಎಂತಹ ಲ್ಯಾಪ್‌ಟಾಪ್

ಕಡಿಮೆ ಬೆಲೆಗೆ ದೊರೆತರೂ ಕೆಲಸಕ್ಕೆ ಬಾರದ ಲ್ಯಾಪ್‌ಟಾಪ್ ದುಬಾರಿಯೇ ಸರಿ. ವಾಣಿಜ್ಯ ಅಥವಾ ಕಲಾ ವಿಭಾಗದ ವಿದ್ಯಾರ್ಥಿಗೆ ಬೆರಳಚ್ಚು, ಆನ್‌ಲೈನ್ ತರಗತಿ, ಲೆಕ್ಕಪತ್ರ ತಂತ್ರಾಂಶ ಇಷ್ಟು ಸಾಕಾಗುತ್ತದೆ; 8 ಜಿಬಿ ರ‍್ಯಾಮ್ ಹಾಗೂ 512 ಜಿಬಿ ಎಸ್‌ಎಸ್‌ಡಿ ಇರುವ ಸಾಧಾರಣ ಲ್ಯಾಪ್‌ಟಾಪ್ ಈ ಅಗತ್ಯವನ್ನು ಪೂರೈಸುತ್ತದೆ. ಎಂಜಿನಿಯರಿಂಗ್ ವಿನ್ಯಾಸ, ವಾಸ್ತುಶಿಲ್ಪ ಅಥವಾ ವಿಡಿಯೊ ಸಂಕಲನ ಕಲಿಯುವವರಿಗೆ 16 ಜಿಬಿ ರ‍್ಯಾಮ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಘಟಕ ಬೇಕಾಗಬಹುದು. ಇದನ್ನು ಅಂಗಡಿಯವರಿಗಿಂತ ಕಾಲೇಜಿನ ಅಧ್ಯಾಪಕರಲ್ಲಿ ವಿಚಾರಿಸುವುದು ಒಳಿತು.

ಅಗ್ಗವಾಗಿ ದೊರೆಯುವ ಕ್ರೋಮ್‌ಬುಕ್‌ಗಳಲ್ಲಿ ವಿಂಡೋಸ್‌ಗಾಗಿ ಸಿದ್ಧಪಡಿಸಿದ ತಂತ್ರಾಂಶಗಳು ನೇರವಾಗಿ ಚಾಲನೆಗೊಳ್ಳುವುದಿಲ್ಲ. ಕಚೇರಿ ಕೆಲಸಗಳಲ್ಲಿ ಬಳಕೆಯಲ್ಲಿರುವ ನುಡಿ ತಂತ್ರಾಂಶ, ವಾಣಿಜ್ಯ ವಿದ್ಯಾರ್ಥಿಗಳು ಕಲಿಯುವ ಟ್ಯಾಲಿ ಇವೆರಡಕ್ಕೂ ವಿಂಡೋಸ್ ಅಗತ್ಯ. ಹಾಗೆಯೇ "ಡಾಸ್" ಎಂದು ನಮೂದಿಸಿ ಕಡಿಮೆ ಬೆಲೆಗೆ ಮಾರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರುವುದಿಲ್ಲ. ಅದರ ಪರವಾನಗಿಯ ವೆಚ್ಚವನ್ನು ಬೆಲೆಗೆ ಸೇರಿಸಿಯೇ ಹೋಲಿಸಬೇಕು. "ಆಫೀಸ್ ಉಚಿತ" ಎಂಬ ಮಾತು ಶಾಶ್ವತ ಪರವಾನಗಿಗೋ, ಅವಧಿ ಮುಗಿದ ನಂತರ ಚಂದಾ ಕೇಳುವ ಪ್ರಾಯೋಗಿಕ ಆವೃತ್ತಿಗೋ ಎಂಬುದನ್ನೂ ಕೇಳಿ ತಿಳಿಯತಕ್ಕದ್ದು.

ಸಂಸ್ಕಾರಕದ ಹೆಸರಿನಲ್ಲಿ ಅಡಗಿರುವ ವಯಸ್ಸು

"ಐ5 ಲ್ಯಾಪ್‌ಟಾಪ್" ಎಂಬ ವಿವರಣೆಯಿಂದ ಗ್ರಾಹಕರಿಗೆ ತಿಳಿಯುವುದು ಅತ್ಯಲ್ಪ. ಇಂಟೆಲ್ ಕೋರ್ ಐ5 ಹೆಸರಿನ ಸಂಸ್ಕಾರಕಗಳು ಹತ್ತಕ್ಕೂ ಹೆಚ್ಚು ಪೀಳಿಗೆಗಳಲ್ಲಿ ಬಂದಿವೆ. ಐ5 ಎಂಬುದರ ಮುಂದಿನ ಸಂಖ್ಯೆಯ ಆರಂಭದ ಅಂಕಿ ಅಥವಾ ಅಂಕಿಗಳು ಪೀಳಿಗೆಯನ್ನು ಸೂಚಿಸುತ್ತವೆ: 8250 ಎಂದಿದ್ದಲ್ಲಿ 2017ರಲ್ಲಿ ಬಂದ 8ನೇ ಪೀಳಿಗೆ, 1335 ಎಂದಿದ್ದಲ್ಲಿ 2023ರ 13ನೇ ಪೀಳಿಗೆ. ಎರಡರ ಸಾಮರ್ಥ್ಯಕ್ಕೂ ಬಹಳ ಅಂತರವಿದೆ.

ಎಎಂಡಿ ಕಂಪನಿಯ ರೈಜೆನ್ 7000 ಸರಣಿಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಇಲ್ಲಿ ಮೊದಲ ಅಂಕಿ ಸರಣಿಯ ವರ್ಷವನ್ನು ಸೂಚಿಸುತ್ತದೆಯೇ ಹೊರತು ಒಳಗಿನ ವಿನ್ಯಾಸವನ್ನಲ್ಲ. ವಿನ್ಯಾಸವನ್ನು ಸೂಚಿಸುವುದು ಮೂರನೇ ಅಂಕಿ. ರೈಜೆನ್ 5 7520ಯು ಎಂಬುದರಲ್ಲಿನ 2, ಆ ಸಂಸ್ಕಾರಕದ ವಿನ್ಯಾಸವು 2019ರಲ್ಲಿ ಪರಿಚಯವಾದ ಜೆನ್ 2 ಎಂದು ತಿಳಿಸುತ್ತದೆ. ಇದು ದೋಷಪೂರಿತ ಸರಕೇನಲ್ಲ, ಸಾಧಾರಣ ಕೆಲಸಗಳಿಗೆ ಸಾಕಾಗುತ್ತದೆ. ಆದರೆ ಹೊಸ ವಿನ್ಯಾಸದ ಬೆಲೆಯನ್ನು ಇದಕ್ಕೆ ತೆರುವುದು ಸರಿಯಲ್ಲ.

ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದಿದ್ದಲ್ಲಿ ಮುಂದೆ ಹೆಚ್ಚಿಸಲು ಬರುವುದಿಲ್ಲ. ಸಂಗ್ರಹಕ್ಕೆ ಇಎಂಎಂಸಿ ಎಂದಿದ್ದಲ್ಲಿ ಅದು ಎಸ್‌ಎಸ್‌ಡಿಗಿಂತ ನಿಧಾನ. 512 ಜಿಬಿಯ ಎಸ್‌ಎಸ್‌ಡಿಯನ್ನು ವಿಂಡೋಸ್ ಸುಮಾರು 476 ಜಿಬಿ ಎಂದು ತೋರಿಸುತ್ತದೆ. ಇದು ಎಣಿಕೆಯ ಕ್ರಮದಲ್ಲಿನ ವ್ಯತ್ಯಾಸವೇ ಹೊರತು ವಂಚನೆಯಲ್ಲ. ವಿದ್ಯುತ್ ನಿಲುಗಡೆ ಸಾಮಾನ್ಯವಾಗಿರುವ ಗ್ರಾಮಗಳ ಗ್ರಾಹಕರು "10 ಗಂಟೆ ಬ್ಯಾಟರಿ" ಎಂಬ ಘೋಷಣೆಗಿಂತ ವ್ಯಾಟ್-ಗಂಟೆಯ ಅಂಕಿಯನ್ನು ನೋಡಬೇಕು. 41 ವ್ಯಾಟ್-ಗಂಟೆಯ ಬ್ಯಾಟರಿ, ಸರಾಸರಿ 8 ವ್ಯಾಟ್ ಬಳಸುವ ಲ್ಯಾಪ್‌ಟಾಪನ್ನು ಸುಮಾರು 5 ಗಂಟೆ ನಡೆಸುತ್ತದೆ.

ಬಡ್ಡಿರಹಿತ ಕಂತು ಮತ್ತು ಇತರ ಸೌಲಭ್ಯಗಳು

ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲವೆಂದು, ಇಂತಹ ಯೋಜನೆಗಳಲ್ಲಿ ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ರೂಪದಲ್ಲಿ ಮರೆಮಾಚಲಾಗುತ್ತದೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ತಿಳಿಸಿತ್ತು. ಈಗ "ನೋ ಕಾಸ್ಟ್ ಇಎಂಐ" ಹೆಸರಿನಲ್ಲಿ ನಡೆಯುವ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಬ್ಯಾಂಕು ಬಡ್ಡಿಯನ್ನು ವಿಧಿಸುತ್ತದೆ ಮತ್ತು ಮಾರಾಟಗಾರರು ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಕಡಿತ ಮಾಡುತ್ತಾರೆ.

42,000 ರೂಪಾಯಿಯ ಲ್ಯಾಪ್‌ಟಾಪನ್ನು 9 ಕಂತುಗಳಲ್ಲಿ ಪಡೆದರೆ ತಿಂಗಳ ಕಂತು ಸುಮಾರು 4,667 ರೂಪಾಯಿ. ಬ್ಯಾಂಕಿನ ಬಡ್ಡಿ ವಾರ್ಷಿಕ ಶೇ. 16 ಆಗಿದ್ದಲ್ಲಿ, ಈ ಕಂತುಗಳಲ್ಲಿ ಅಸಲು ಸುಮಾರು 39,330 ಹಾಗೂ ಬಡ್ಡಿ ಸುಮಾರು 2,670 ರೂಪಾಯಿ. ಬಡ್ಡಿಯ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ ಸುಮಾರು 480 ರೂಪಾಯಿ. 199 ರೂಪಾಯಿಯ ಸಂಸ್ಕರಣಾ ಶುಲ್ಕವಿದ್ದಲ್ಲಿ ತೆರಿಗೆ ಸೇರಿ 235 ರೂಪಾಯಿ. ಹೀಗೆ "ವೆಚ್ಚವಿಲ್ಲದ" ಕಂತಿಗೆ ಸುಮಾರು 715 ರೂಪಾಯಿ ವೆಚ್ಚವಾಗುತ್ತದೆ. ಕೈಯಲ್ಲಿ ಹಣವಿಲ್ಲದವರಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಪೂರ್ಣ ಹಣವನ್ನು ಒಮ್ಮೆಲೇ ಪಾವತಿಸಬಲ್ಲವರು ಆ 2,670 ರೂಪಾಯಿಯ ಕಡಿತವನ್ನು ತಮಗೆ ನೇರವಾಗಿ ನೀಡುವಂತೆ ಕೇಳಬಹುದು. ಅನೇಕ ಅಂಗಡಿಗಳಲ್ಲಿ ಕೇಳಿದವರಿಗಷ್ಟೇ ಅದು ದೊರೆಯುತ್ತದೆ.

ನಿರ್ದಿಷ್ಟ ಬ್ಯಾಂಕಿನ ಕಾರ್ಡಿಗೆ ಮಾತ್ರ ಅನ್ವಯಿಸುವ ಅಥವಾ ಹಳೆಯ ಲ್ಯಾಪ್‌ಟಾಪ್ ಕೊಟ್ಟವರಿಗೆ ಮಾತ್ರ ದೊರೆಯುವ ಕಡಿತವನ್ನು, ಆ ಕಾರ್ಡ್ ಅಥವಾ ಹಳೆಯ ಲ್ಯಾಪ್‌ಟಾಪ್ ಇಲ್ಲದವರು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. "ಇನ್ನು ಎರಡೇ ಉಳಿದಿವೆ" ಎಂಬ ಸುಳ್ಳು ಆತುರ, ಗ್ರಾಹಕರು ಕೇಳದಿದ್ದರೂ ವಿಮೆ ಅಥವಾ ಹೆಚ್ಚುವರಿ ವಾರಂಟಿಯನ್ನು ಖರೀದಿ ಪಟ್ಟಿಗೆ ಸೇರಿಸುವುದು, ಕೊನೆಯ ಹಂತದಲ್ಲಿ ಶುಲ್ಕಗಳನ್ನು ಹೊರಗೆಡಹುವುದು ಇವೆಲ್ಲವನ್ನೂ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಗಳ ಮೂಲಕ ನಿಷೇಧಿಸಿದೆ.

ಬಿಲ್ಲು ಇಲ್ಲದ ಖರೀದಿ

ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಬಿಲ್ಲು ಬೇಡವೆಂದರೆ ಒಂದೆರಡು ಸಾವಿರ ಕಡಿಮೆ ಮಾಡುವುದಾಗಿ ಹೇಳುವ ಅಂಗಡಿಯಲ್ಲಿ ಗ್ರಾಹಕರು ಕಳೆದುಕೊಳ್ಳುವುದು ಆ ಮೊತ್ತಕ್ಕಿಂತ ಹೆಚ್ಚು. ವಾರಂಟಿಯ ಅವಧಿಯನ್ನು ಸಾಮಾನ್ಯವಾಗಿ ಬಿಲ್ಲಿನ ದಿನಾಂಕದಿಂದ ಎಣಿಸಲಾಗುತ್ತದೆ. ದೂರು ನೀಡಲು ಬಿಲ್ಲೇ ಪ್ರಮುಖ ದಾಖಲೆ. ಬಿಲ್ಲು ನೀಡದಿರುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಲ್ಯಾಪ್‌ಟಾಪಿನ ಕ್ರಮಸಂಖ್ಯೆಯನ್ನು ನಮೂದಿಸುವಂತೆ ಕೇಳತಕ್ಕದ್ದು.

"ಮಾರಿದ ಸರಕನ್ನು ಹಿಂಪಡೆಯಲಾಗುವುದಿಲ್ಲ" ಎಂಬ ಮುದ್ರಿತ ವಾಕ್ಯವನ್ನು ಓದಿ ಗ್ರಾಹಕರು ಧೃತಿಗೆಡಬೇಕಾಗಿಲ್ಲ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅದೇ ಅಧಿನಿಯಮದಡಿ ಅನುಚಿತ ವ್ಯಾಪಾರ ಪದ್ಧತಿಯೇ ಆಗಿದೆ. ಬಣ್ಣ ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ಮಾತ್ರ ಈ ರಕ್ಷಣೆ ಅನ್ವಯಿಸುವುದಿಲ್ಲ.

ಬಳಸಿ ನವೀಕರಿಸಿದ ಲ್ಯಾಪ್‌ಟಾಪ್

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಮತ್ತು ಅಂತರ್ಜಾಲದಲ್ಲಿ, ಕಂಪನಿಗಳು ಬಳಸಿ ವಿಲೇವಾರಿ ಮಾಡಿದ ಲ್ಯಾಪ್‌ಟಾಪ್‌ಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಗಟ್ಟಿಮುಟ್ಟಾದ ಕಚೇರಿ ಬಳಕೆಯ ಮಾದರಿಗಳಾಗಿದ್ದಲ್ಲಿ, ಅದೇ ಬೆಲೆಯ ಹೊಸ ಲ್ಯಾಪ್‌ಟಾಪಿಗಿಂತ ಇವು ಉತ್ತಮವಾಗಿರುವುದೂ ಉಂಟು. ಆದರೆ ಒಂದು ಗಡಿರೇಖೆಯನ್ನು ನೆನಪಿಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್ 8ನೇ ಪೀಳಿಗೆ ಅಥವಾ ನಂತರದ ಸಂಸ್ಕಾರಕ ಹಾಗೂ ಟಿಪಿಎಂ 2.0 ಅಗತ್ಯ. ಆದ್ದರಿಂದ 6ನೇ ಪೀಳಿಗೆಯ ಐ7 ಲ್ಯಾಪ್‌ಟಾಪ್ ಎಷ್ಟೇ ಅಗ್ಗವಾಗಿ ದೊರೆತರೂ, ಲಿನಕ್ಸ್ ಬಳಸಲು ಸಿದ್ಧರಿರುವವರಿಗೆ ಮಾತ್ರ ಅದು ಹೊಂದುತ್ತದೆ. ಬ್ಯಾಟರಿಯ ಉಳಿದ ಸಾಮರ್ಥ್ಯವನ್ನು ಪರೀಕ್ಷಿಸಿ, ವಾರಂಟಿಯನ್ನು ಬರಹದಲ್ಲಿ ಪಡೆಯತಕ್ಕದ್ದು. ಬಳಸಿದ ಸರಕನ್ನು ಹೊಸದೆಂದು ಮಾರುವುದು ಕಾನೂನಿಗೆ ವಿರುದ್ಧ.

ಸರಕು ಕೈಸೇರಿದಾಗ

ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕ ಸೇವಾ ದೂರವಾಣಿ ಸಂಖ್ಯೆ ಇರತಕ್ಕದ್ದು. ಅಂತರ್ಜಾಲ ಪುಟದಲ್ಲಿ ಕಾಣದಿರಬಹುದಾದ ತಯಾರಿಕೆಯ ತಿಂಗಳು ಇಲ್ಲಿ ಕಾಣಸಿಗುತ್ತದೆ. ಎರಡು ವರ್ಷ ದಾಸ್ತಾನಿನಲ್ಲಿದ್ದ ಲ್ಯಾಪ್‌ಟಾಪ್ ಎಂಬುದು ಅನೇಕ ಬಾರಿ ಇಲ್ಲಿಯೇ ಬಯಲಾಗುತ್ತದೆ. ಲ್ಯಾಪ್‌ಟಾಪ್ ಮತ್ತು ಅದರ ಚಾರ್ಜರ್ ಎರಡಕ್ಕೂ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಅನ್ವಯಿಸುತ್ತದೆ. ನೋಂದಣಿ ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ತಾಳೆ ನೋಡಬಹುದು. ಅಂಚೆ ಅಥವಾ ಕೊರಿಯರ್ ಮೂಲಕ ಬಂದ ಪೆಟ್ಟಿಗೆಯನ್ನು ತೆರೆಯುವಾಗ ಮೊಬೈಲಿನಲ್ಲಿ ವಿಡಿಯೊ ಚಿತ್ರೀಕರಿಸಿಕೊಂಡಲ್ಲಿ, ಬೇರೆ ವಸ್ತು ಬಂದಾಗ ಅದು ಸಾಕ್ಷ್ಯವಾಗುತ್ತದೆ.

ದೂರು ಸಲ್ಲಿಸುವ ಕ್ರಮ

ಅಂತರ್ಜಾಲದಲ್ಲಿ ಖರೀದಿಸಿದವರು ಮೊದಲು ಆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಇ-ವಾಣಿಜ್ಯ ನಿಯಮಗಳು, 2020ರ ಪ್ರಕಾರ ಅವರು 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ದೂರನ್ನು ಪರಿಹರಿಸಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ಕರೆ ಮಾಡಿ ದೂರು ದಾಖಲಿಸಬಹುದು.

ಅಲ್ಲಿಯೂ ಇತ್ಯರ್ಥವಾಗದ ದೂರನ್ನು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ಮಾರಾಟಗಾರರು ಬೇರೆ ರಾಜ್ಯದಲ್ಲಿದ್ದರೂ ಗ್ರಾಹಕರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. 2025ರ ಜನವರಿ 1ರಿಂದ ಕಾರ್ಯಾರಂಭ ಮಾಡಿದ ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ಅವಕಾಶವೂ ಇದೆ. ವಾಣಿಜ್ಯ ಉದ್ದೇಶಕ್ಕೆ ಖರೀದಿಸಿದವರು ಈ ಅಧಿನಿಯಮದ ಅರ್ಥದಲ್ಲಿ ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ತಾವೇ ಬಳಸುವವರು, ಉದಾಹರಣೆಗೆ ಮನೆಯಲ್ಲಿ ಬೆರಳಚ್ಚು ಕೆಲಸ ಮಾಡುವವರು, ಗ್ರಾಹಕರೇ ಆಗಿರುತ್ತಾರೆ.

ವ್ಯಾಜ್ಯದ ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ದೂರಿನೊಂದಿಗೆ ಬಿಲ್ಲು, ವಾರಂಟಿ ಪತ್ರ, ಜಾಹೀರಾತಿನ ಅಥವಾ ಅಂತರ್ಜಾಲ ಪುಟದ ಪ್ರತಿ, ಸೇವಾ ಕೇಂದ್ರದ ಚೀಟಿಗಳು ಹಾಗೂ ಮಾರಾಟಗಾರರೊಂದಿಗೆ ನಡೆಸಿದ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸಬೇಕು. ಕೊಡುಗೆಯ ಪುಟಗಳು ಮಾರಾಟ ಮುಗಿದ ಮರುದಿನವೇ ಕಣ್ಮರೆಯಾಗುವುದರಿಂದ, ಹಣ ಪಾವತಿಸುವ ಮೊದಲೇ ಅದರ ಪ್ರತಿಯನ್ನು ಉಳಿಸಿಟ್ಟುಕೊಳ್ಳತಕ್ಕದ್ದು.